ಬಾಣವಿಲ್ಲದ ಮೂರು ಗೆರೆಗಳು

1989ರ ಜೂನ್ ತಿಂಗಳಲ್ಲಿ ನಾನು ರಾಣೆಬೆನ್ನೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಸಹಶಿಕ್ಷಕನಾಗಿದ್ದೆ. ಮೇಡ್ಲೇರಿ ಕಡೆಯ ಹೊಳೆದಂಡೆಯ ಊರು. ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯ ಲೆಕ್ಕಕ್ಕೇ ಬರುತ್ತಿದ್ದೆವು. ಶಾಲೆಯ ಹೆಸರನ್ನಾಗಲಿ, ಮುಂದೆ ಬರುವ ಸಮಿತಿಯವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಯಾರನ್ನೂ ಬಯ್ಯಬೇಕೆಂದು ಇದನ್ನು ಹೇಳುತ್ತಿಲ್ಲ. ಬಯ್ಯಬೇಕಾದದ್ದನ್ನೆಲ್ಲ ಆಗಲೇ ಎದುರಿಗೆ ಬಯ್ದು ಮುಗಿಸಿದ್ದೇನೆ.

ಎಂಟನೇ ತರಗತಿಯ ರೇಖಾಗಣಿತ ನಾಲ್ಕು ಸಂಗತಿಗಳಿಂದ ಶುರುವಾಗುತ್ತದೆ. ಮೊದಲನೆಯದು ಬಿಂದು. ಅದು ಒಂದು ಜಾಗವನ್ನು ತೋರಿಸುತ್ತದೆ, ಆದರೆ ಅದಕ್ಕೆ ಉದ್ದ, ಅಗಲ, ದಪ್ಪ ಯಾವುದೂ ಇಲ್ಲ. ಎರಡನೆಯದು ಸರಳರೇಖೆ. ಅದು ಎರಡೂ ಕಡೆ ಕೊನೆಯಿಲ್ಲದೆ ಹೋಗುತ್ತದೆ, ಆದ್ದರಿಂದ ಚಿತ್ರ ಬರೆಯುವಾಗ ಎರಡೂ ತುದಿಗೆ ಬಾಣದ ಗುರುತು ಹಾಕುತ್ತೇವೆ. ಕಿರಣ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕೊನೆಯಿಲ್ಲದೆ ಹೋಗುವುದು, ಅದಕ್ಕೆ ಒಂದೇ ಬಾಣ. ಎರಡೂ ಕಡೆ ಮುಗಿಯುವುದು ರೇಖಾಖಂಡ, ಅದಕ್ಕೆ ಬಾಣವೇ ಇಲ್ಲ. ಅಳತೆಪಟ್ಟಿ ಇಟ್ಟು ಉದ್ದ ಅಳೆಯಲು ಬರುವುದು ಇದೊಂದನ್ನೇ. ಇಷ್ಟು ತಿಳಿದ ಮಗುವಿಗೆ ಕೋನ, ತ್ರಿಭುಜ, ವೃತ್ತ ಎಲ್ಲವನ್ನೂ ಕಲಿಸಬಹುದು. ಇಷ್ಟು ತಿಳಿಯದಿದ್ದರೆ ಮುಂದೆ ಹತ್ತನೇ ತರಗತಿಯ ಪ್ರಮೇಯಗಳೆಲ್ಲ ಬರೀ ಬಾಯಿಪಾಠ.

ನಡೆಯುತ್ತಿದ್ದದ್ದೂ ಬಾಯಿಪಾಠವೇ. ಪುಸ್ತಕದಲ್ಲಿ ಮೂರು ಚಿತ್ರಗಳು ಒಂದರ ಪಕ್ಕ ಒಂದಿದ್ದವು, ಮಕ್ಕಳು ಅದೇ ಸಾಲಿನಲ್ಲಿ ಹೆಸರು ಕಲಿತುಬಿಡುತ್ತಿದ್ದರು. ನಾನು ಹಲಗೆಯ ಮೇಲೆ ಸಾಲು ಬದಲಿಸಿ ಬರೆದರೂ ಉತ್ತರ ಬದಲಾಗುತ್ತಿರಲಿಲ್ಲ. ಒಂದು ದಿನ ಸಿಟ್ಟು ಬಂದು ಹಲಗೆಯ ಮೇಲೆ ಏನನ್ನೂ ಬರೆಯದೆ ಬರೀ ಕೋಲು ಹಿಡಿದು ಮೂರು ಜಾಗ ತೋರಿಸಿದೆ. ಇಡೀ ತರಗತಿ ‘ಸರಳರೇಖೆ, ಕಿರಣ, ರೇಖಾಖಂಡ’ ಎಂದು ರಾಗವಾಗಿ ಹೇಳಿ ಕೈಕಟ್ಟಿ ಕುಳಿತಿತು. ಅಯ್ಯೋ ನನ್ನ ಹಣೆಬರಹವೇ ಎಂದು ಚಾಕ್‌ಪೀಸ್ ಎಸೆದು ಕುರ್ಚಿಯಲ್ಲಿ ಕುಳಿತೆ.

ರಾಗದಲ್ಲಿ ಸೇರದ ಹುಡುಗಿ ಒಬ್ಬಳೇ ಇದ್ದಳು, ಶಾಹೀನಾ. ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರಸಾಬರ ಎರಡನೆಯ ಮಗಳು. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ನಮ್ಮ ಕನ್ನಡ ಹೈಸ್ಕೂಲಿಗೆ ಬಂದಿದ್ದಳು. ಓಣಿಯ ಕನ್ನಡ ಅವಳಿಗೆ ನೀರು ಕುಡಿದಷ್ಟು ಸಲೀಸು, ಆದರೆ ಪುಸ್ತಕದ ಕನ್ನಡ ನಾಲಗೆಗೆ ಹತ್ತುತ್ತಿರಲಿಲ್ಲ. ಉಳಿದವರು ಸಾಲುಗಟ್ಟಿ ಹೇಳುವಾಗ ಅವಳಿಗೆ ಆ ಸಾಲು ನೆನಪಿರುತ್ತಿರಲಿಲ್ಲ. ಹಾಗಾಗಿ ಪ್ರತಿಸಲ ತಲೆ ಎತ್ತಿ ಚಿತ್ರವನ್ನೇ ನೋಡಬೇಕಾಗುತ್ತಿತ್ತು. ನೋಡಿ, ತುದಿ ಎಣಿಸಿ, ಆಮೇಲೆ ನಿಧಾನವಾಗಿ ಹೆಸರು ಹೇಳುತ್ತಿದ್ದಳು.

ಒಂದು ದಿನ ಎದ್ದು ನಿಂತು ಕೇಳಿದಳು:

“ಸರ್, ರೇಖಾ ಮುಗಿಯಂಗಿಲ್ಲ ಅಂತೀರಿ. ಹಲಗಿ ಮುಗಿದ ಮ್ಯಾಲ ಅದು ಎಲ್ಲಿ ಹೋಗ್ತೈತ್ರಿ?”

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಮಾತ್ರ ಕುಣಿಯಬೇಕೆನ್ನುವಷ್ಟು ಸಂತೋಷವಾಯಿತು. ಅಷ್ಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಲಗೆ ದಾಟಿ, ಗೋಡೆ ದಾಟಿ, ಹೊಳೆ ದಾಟಿ ಹೋಗುತ್ತಲೇ ಇರುತ್ತದೆ, ನಮ್ಮ ಚಾಕ್‌ಪೀಸಿಗೆ ಮಾತ್ರ ಹೋಗಲು ಆಗುವುದಿಲ್ಲ, ಅದಕ್ಕೇ ಬಾಣ ಹಾಕಿ ಕೈ ಬಿಡುತ್ತೇವೆ ಎಂದೆ. ಪುಸ್ತಕದಲ್ಲಿ ಏನಿದೆ ಎಂದು ಬರೆಯಬೇಡಿ, ಕಣ್ಣಿಗೆ ಏನು ಕಾಣುತ್ತದೋ ಅದನ್ನು ಬರೆಯಿರಿ ಎಂದು ಆ ವರ್ಷವಿಡೀ ಹೇಳುತ್ತಾ ಬಂದೆ. ಉಳಿದವರ ವಿಷಯದಲ್ಲಿ ಕಲ್ಲಿಗೆ ಹೇಳಿದಂತಾಯಿತು. ಶಾಹೀನಾ ಕೇಳಿಸಿಕೊಂಡಳು.

ದಸ್ತಗೀರಸಾಬರು ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದು ಒಂದು ಷರತ್ತಿನ ಮೇಲೆ. ನಮ್ಮ ಭಾಗದಲ್ಲಿ ಆಗ ಹೈಬ್ರಿಡ್ ಹತ್ತಿ ಬೀಜದ ಪ್ಲಾಟ್‌ಗಳು ಜೋರಾಗಿದ್ದವು. ರಾಣೆಬೆನ್ನೂರಿನ ಬೀಜದ ಕಂಪನಿಗಳು ರೈತರಿಂದ ಬೀಜ ಮಾಡಿಸುತ್ತಿದ್ದವು. ಸಂಜೆ ಹತ್ತಿ ಮೊಗ್ಗು ಬಿಡಿಸಿ ಗಂಡುಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಿದ್ದರು. ಬೆರಳು ಸಣ್ಣದಿದ್ದಷ್ಟು ಕೆಲಸ ಚುರುಕು ಎಂದು ಹುಡುಗಿಯರನ್ನೇ ಕರೆಯುತ್ತಿದ್ದರು. ಶಾಹೀನಾಳ ಅಕ್ಕ ಶಾಲೆ ಬಿಟ್ಟು ಅದೇ ಕೆಲಸಕ್ಕೆ ಹೋಗುತ್ತಿದ್ದಳು. ಪ್ರವೇಶದ ದಿನವೇ ದಸ್ತಗೀರಸಾಬರು ನನಗೆ ಹೇಳಿದ್ದರು, ಪಾಸಾಗುವವರೆಗೆ ಶಾಲೆ, ಒಂದು ವರ್ಷ ಫೇಲಾದರೂ ಅಕ್ಕನ ಜೊತೆ ಪ್ಲಾಟಿಗೆ. ಕೆಟ್ಟ ಮನುಷ್ಯರಲ್ಲ. ಬೆಳೆದ ಹುಡುಗಿ ತನಗಿಂತ ಸಣ್ಣವರ ಜೊತೆ ಅದೇ ಬೆಂಚಿನಲ್ಲಿ ಮತ್ತೊಂದು ವರ್ಷ ಕೂರುವುದು ಅವರಿಗೆ ಅವಮಾನವಾಗಿ ಕಾಣುತ್ತಿತ್ತು.

ಆ ಕಾಲಕ್ಕೆ ಅಕ್ಕಪಕ್ಕದ ತಾಲೂಕುಗಳ ಕೆಲವು ಹೈಸ್ಕೂಲುಗಳು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದವು. ಎಂಟು ಮತ್ತು ಒಂಬತ್ತನೇ ತರಗತಿಗೆ ಎಲ್ಲ ಕಡೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ಕೀ ಆನ್ಸರ್, ಅಂದರೆ ಸಮಿತಿ ಕೊಡುವ ಮಾದರಿ ಉತ್ತರ. ಒಂದು ಶಾಲೆಯ ಉತ್ತರಪತ್ರಿಕೆಗಳನ್ನು ಇನ್ನೊಂದು ಶಾಲೆಯವರು ತಿದ್ದುವುದು. ಪಕ್ಷಪಾತ ಆಗಬಾರದೆಂದು ಮಾಡಿದ ಏರ್ಪಾಡು, ಮಾಡಿದವರ ಉದ್ದೇಶ ಒಳ್ಳೆಯದೇ. 1990ರ ವಾರ್ಷಿಕ ಪರೀಕ್ಷೆಯಲ್ಲಿ ನಮ್ಮ ಮಕ್ಕಳ ಗಣಿತದ ಪತ್ರಿಕೆಗಳು ಬ್ಯಾಡಗಿಯ ಒಂದು ಶಾಲೆಗೆ ಹೋದವು.

ಫಲಿತಾಂಶ ಬಂದಾಗ ಶಾಹೀನಾಳಿಗೆ ಗಣಿತದಲ್ಲಿ ನೂರಕ್ಕೆ ಮೂವತ್ತೆರಡು. ಪಾಸಾಗಲು ಮೂವತ್ತೈದು ಬೇಕು. ಗ್ರೇಸ್ ಅಂಕ ಒಂದು ವಿಷಯಕ್ಕೆ ಮಾತ್ರ ಕೊಡಬಹುದಿತ್ತು, ಅದು ಇಂಗ್ಲಿಷಿಗೆ ಆಗಲೇ ಖರ್ಚಾಗಿತ್ತು. ರೇಖಾಗಣಿತ ಇಷ್ಟು ಬಲ್ಲ ಹುಡುಗಿ ಗಣಿತದಲ್ಲಿ ಸೋತಳೆಂದರೆ ನನಗೆ ನಂಬಲಾಗಲಿಲ್ಲ. ಕಪಾಟಿನಿಂದ ಅವಳ ಉತ್ತರಪತ್ರಿಕೆ ತೆಗೆಸಿ ನೋಡಿದೆ.

ಪ್ರಶ್ನೆ ಐದು ಅಂಕದ್ದು. ಕೆಳಗಿನ ಮೂರು ಆಕೃತಿಗಳನ್ನು ಹೆಸರಿಸಿ, ಅವುಗಳಲ್ಲಿ ಉದ್ದ ಅಳೆಯಬಹುದಾದದ್ದು ಯಾವುದು, ಕಾರಣ ಕೊಡಿ. ಶಾಹೀನಾ ಮೂರಕ್ಕೂ ರೇಖಾಖಂಡ ಎಂದು ಬರೆದಿದ್ದಳು. ಮೂರನ್ನೂ ಅಳೆಯಬಹುದು, ಮೂರಕ್ಕೂ ಎರಡು ತುದಿ ಇವೆ ಎಂದು ಕಾರಣ ಕೊಟ್ಟು, ಅಳತೆಪಟ್ಟಿ ಇಟ್ಟು ಮೂರರ ಉದ್ದವನ್ನೂ ಬರೆದಿದ್ದಳು. ಮೂರನೆಯ ಹೆಸರಿಗೆ ಒಂದು ಅಂಕ ಕೊಟ್ಟು ಉಳಿದದ್ದಕ್ಕೆಲ್ಲ ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದಿದ್ದರು. ಇವಳಿಗೇನಾಯಿತು ಎಂದುಕೊಂಡು ಪ್ರಶ್ನೆಪತ್ರಿಕೆ ತೆಗೆದೆ. ನೋಡಿದರೆ ಮೂರು ಗೆರೆಗಳು, ಯಾವುದಕ್ಕೂ ಬಾಣವಿಲ್ಲ. ಮೂರೂ ಚೊಕ್ಕ ರೇಖಾಖಂಡಗಳು.

ಆಮೇಲೆ ಇಡೀ ತರಗತಿಯ ಪತ್ರಿಕೆಗಳನ್ನು ಹರಡಿಕೊಂಡು ಕುಳಿತೆ. ಬೇರೆ ಎಲ್ಲರೂ ‘ಸರಳರೇಖೆ, ಕಿರಣ, ರೇಖಾಖಂಡ’ ಎಂದೇ ಬರೆದಿದ್ದರು. ಕೀ ಆನ್ಸರಿನಲ್ಲಿದ್ದದ್ದೂ ಅದೇ. ಚಿತ್ರ ನೋಡದೆ ಬರೆದವರಿಗೆಲ್ಲ ಪೂರ್ತಿ ಅಂಕ, ನೋಡಿ ಬರೆದವಳು ಫೇಲು. ನನ್ನ ಪಿತ್ತ ನೆತ್ತಿಗೇರಿತು.

ಹೆಡ್‌ಮಾಸ್ಟರರು ನಿವೃತ್ತಿಗೆ ಹತ್ತಿರವಾಗಿದ್ದ ಸಮಾಧಾನದ ಮನುಷ್ಯ. ಪ್ರಶ್ನೆಪತ್ರಿಕೆಯನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿ, ನಾನು ಹೇಳುವುದು ಸರಿಯಾಗಿಯೇ ಇದೆ ಎಂದರು. ಹಾಗಾದರೆ ನಾಲ್ಕು ಅಂಕ ಸೇರಿಸಿ ಎಂದೆ. ತಿದ್ದಿದವರ ಸಹಿ ಇಲ್ಲದೆ ತಾವು ಅಂಕ ಮುಟ್ಟುವ ಹಾಗಿಲ್ಲ, ಬ್ಯಾಡಗಿಗೆ ಹೋಗಿ ಬನ್ನಿ ಎಂದರು. ಏಪ್ರಿಲ್ ಬಿಸಿಲಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಬಸ್ಸು ಬದಲಿಸಿ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಕಾಲ. ಬಸ್ಸಿಗೆ ಬಸ್ಸೇ ಸೀನುತ್ತಿತ್ತು, ಮೂಗು ಕಣ್ಣು ಒರೆಸಿಕೊಳ್ಳುತ್ತಲೇ ಆ ಶಾಲೆಯ ಗಣಿತದ ಮಾಸ್ತರರನ್ನು ಹುಡುಕಿದೆ.

ನನಗಿಂತ ಚಿಕ್ಕವರು, ಬುದ್ಧಿವಂತರು. ಚಹಾ ತರಿಸಿ ಎಲ್ಲವನ್ನೂ ಕೇಳಿದರು. ಉತ್ತರಪತ್ರಿಕೆಯನ್ನೂ ಪ್ರಶ್ನೆಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ಓದಿದರು.

“ಖರೇ ಹೇಳಬೇಕಂದ್ರ, ತಿದ್ದುವಾಗ ನಾನೂ ಚಿತ್ರ ನೋಡಿಲ್ರಿ ಸರ್” ಎಂದರು. “ಕೀ ನೋಡೀನಿ.”

ಪ್ರಾಮಾಣಿಕ ಮನುಷ್ಯ. ಆದರೆ ಅಂಕ ತಿದ್ದಲು ಅವರೂ ಒಪ್ಪಲಿಲ್ಲ. ಕೀ ಆನ್ಸರ್ ಬದಲಾಗಿದೆ ಎಂದು ಸಮಿತಿಯಿಂದ ಚೀಟಿ ತನ್ನಿ, ನಿಂತ ಕಾಲಿನಲ್ಲಿ ಸಹಿ ಹಾಕುತ್ತೇನೆ ಎಂದರು. ಸಮಿತಿಯ ಕಾರ್ಯದರ್ಶಿ ಇದ್ದದ್ದು ಹಾವೇರಿಯಲ್ಲಿ. ಮರುದಿನ ಅಲ್ಲಿಗೆ ಹೊರಟೆ.

ಕಾರ್ಯದರ್ಶಿಗಳು ಹಾವೇರಿಯ ಒಂದು ಶಾಲೆಯ ಮುಖ್ಯಸ್ಥರು, ಊರಲ್ಲಿ ದೊಡ್ಡ ಹೆಸರು. ಅವರ ಕೋಣೆಯ ಮೂಲೆಯಲ್ಲಿಯೇ ಪ್ರಶ್ನೆಪತ್ರಿಕೆ ಅಚ್ಚು ಮಾಡುವ ಸೈಕ್ಲೋಸ್ಟೈಲ್ ಯಂತ್ರವಿತ್ತು. ಈಗಿನವರಿಗೆ ಆ ಯಂತ್ರ ಗೊತ್ತಿರಲಿಕ್ಕಿಲ್ಲ. ಮೇಣ ಸವರಿದ ತೆಳು ಹಾಳೆಗೆ ಸ್ಟೆನ್ಸಿಲ್ ಎನ್ನುತ್ತಿದ್ದರು. ಅದರ ಮೇಲೆ ಟೈಪ್ ಮಾಡಿದರೆ ಅಥವಾ ಮೊಳೆಯಂತಹ ಲೇಖನಿಯಿಂದ ಕೊರೆದರೆ ಅಷ್ಟು ಭಾಗದ ಮೇಣ ಹೋಗುತ್ತದೆ. ಯಂತ್ರಕ್ಕೆ ಸುತ್ತಿ ತಿರುಗಿಸಿದರೆ ಕೊರೆದಲ್ಲಿಂದ ಮಸಿ ಇಳಿದು ಪ್ರತಿ ಬರುತ್ತದೆ. ಪ್ರಶ್ನೆ ಬರೆದವರ ಕೈಬರಹದ ಪ್ರತಿಯನ್ನು ತೆಗೆಸಿ ನೋಡಿದೆವು. ಅದರಲ್ಲಿ ಬಾಣಗಳಿದ್ದವು, ಎರಡು ತುದಿಗೂ ಇರಬೇಕಾದಲ್ಲಿ ಎರಡು, ಒಂದಿರಬೇಕಾದಲ್ಲಿ ಒಂದು.

ಸ್ಟೆನ್ಸಿಲ್ ಕೊರೆದ ಗುಮಾಸ್ತನನ್ನು ಕರೆಸಿದರು. ಅವನು ಸ್ವಲ್ಪವೂ ಅಳುಕಲಿಲ್ಲ. ಗೆರೆಯ ತುದಿಯಲ್ಲಿ ಮತ್ತೆರಡು ಗೀಟು ಸೇರಿದರೆ ಮೇಣದ ಹಾಳೆ ಅಲ್ಲಿ ಹರಿಯುತ್ತದೆ, ಹರಿದರೆ ಮಸಿ ಸೋರಿ ಪತ್ರಿಕೆಯೆಲ್ಲ ಕಪ್ಪಾಗುತ್ತದೆ ಎಂದು ನನಗೇ ಪಾಠ ಮಾಡಿದ.

“ಅದಕ್ಕ ಆ ಗುಬ್ಬಿಕಾಲು ಬಿಟ್ಟು ಬರೇ ಗೆರಿ ಹೊಡದೇನ್ರಿ. ಎಷ್ಟು ಚಂದ ಬಂದಾವ ನೋಡ್ರಿ.”

ಚಂದ ಬಂದಿದ್ದವು, ಅದು ಸುಳ್ಳಲ್ಲ. ಆ ಗುಬ್ಬಿಕಾಲು ಇಲ್ಲದೆ ರೇಖಾಗಣಿತವೇ ಇಲ್ಲ ಎಂದು ಅವನಿಗೆ ಯಾರು ಹೇಳಿದ್ದರು? ಅವನ ಮೇಲೆ ಸಿಟ್ಟು ಮಾಡಿ ಏನು ಬಂತು? ಅವನು ಕೊರೆದ ಸ್ಟೆನ್ಸಿಲನ್ನು ಓದಿ ನೋಡಿ ಸಹಿ ಹಾಕಿದ್ದ ಗಣಿತದ ಮಾಸ್ತರರು ಇದ್ದರು. ಇಷ್ಟು ಶಾಲೆಗಳಲ್ಲಿ ಪತ್ರಿಕೆ ಹಂಚಿದ ನಾವೆಲ್ಲ ಇದ್ದೆವು. ಪರೀಕ್ಷೆಯ ದಿನ ನನ್ನನ್ನು ಬೇರೆ ಶಾಲೆಯ ಮೇಲ್ವಿಚಾರಣೆಗೆ ಹಾಕಿದ್ದರು, ಅಲ್ಲಿಯೂ ಯಾವ ಮಗುವೂ ಎದ್ದು ಬಾಣ ಎಲ್ಲಿ ಎಂದು ಕೇಳಿರಲಿಲ್ಲ.

ತಪ್ಪು ಸಿಕ್ಕಿತಲ್ಲ, ಇನ್ನು ಕೀ ಬದಲಿಸಿ ಎಂದೆ. ಕಾರ್ಯದರ್ಶಿಗಳು ಕುರ್ಚಿಗೆ ಒರಗಿದರು. ಕೀ ಬದಲಿಸಿದರೆ ಎಲ್ಲ ಶಾಲೆಗಳ ಪತ್ರಿಕೆ ಮತ್ತೆ ತಿದ್ದಬೇಕು, ಬಾಯಿಪಾಠ ಬರೆದವರ ಅಂಕ ಕಳೆಯಬೇಕು, ಗಡಿಯ ಮೇಲಿರುವವರೆಲ್ಲ ಉದುರುತ್ತಾರೆ, ನಿಮ್ಮ ತರಗತಿಯವರೂ ಉದುರುತ್ತಾರೆ ಎಂದರು. ಅದು ಖರೆಯೇ. ಬರುವ ದಾರಿಯಲ್ಲಿ ನಾನೂ ಅದನ್ನು ಲೆಕ್ಕ ಹಾಕಿದ್ದೆ. ಯಾರದ್ದೂ ಕಳೆಯುವುದು ಬೇಡ, ಎರಡೂ ಉತ್ತರ ಒಪ್ಪಿಕೊಳ್ಳಿ, ಒಂದು ಸಾಲಿನ ಚೀಟಿ ಸಾಕು ಎಂದು ಬೇಡಿಕೊಂಡೆ.

“ಗಣಿತದಾಗ ಒಂದು ಪ್ರಶ್ನಿಗೆ ಎರಡು ಉತ್ತರ ಇರ್ತಾವೇನ್ರಿ, ಮಾಸ್ತರ?” ಎಂದು ಕೇಳಿದರು.

ಮೈ ಉರಿದುಹೋಯಿತು. ಆಕೃತಿಯನ್ನೇ ಬದಲಿಸಿ ಕೊಟ್ಟವರು ನನಗೆ ಗಣಿತ ಹೇಳಿಕೊಡುತ್ತಿದ್ದಾರೆ! ನಾಲಗೆಯ ಮೇಲೆ ಹಿಡಿತ ತಪ್ಪಿತು. ನಿಮ್ಮ ಕೀಗೆ ಕಣ್ಣಿಲ್ಲ, ಅದಕ್ಕೆ ಕಣ್ಣಿರುವ ಮಗುವನ್ನು ಕಂಡರೆ ಆಗುವುದಿಲ್ಲ ಎಂದೆ. ಈ ಹುಡುಗಿ ಹೊಲದಲ್ಲಿ ಹೂವು ಮುಟ್ಟಿಸುತ್ತಾ ಕೂತರೆ ಅದು ನಿಮ್ಮ ಸಮಿತಿಯ ಪ್ರಸಾದ ಎಂದೆ. ಅವರು ಗುಮಾಸ್ತನಿಗೆ ಕಿಟಕಿ ತೆರೆಯಲು ಹೇಳಿದರು. ನಾನು ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವರೇ ಹೊರಗೆ ಬಂದು ನಿಯಮದಲ್ಲಿರುವ ದಾರಿ ಹೇಳಿದರು. ಫೇಲಾದವರಿಗೆ ಜೂನ್ ಮೊದಲಿಗೆ ರಾಣೆಬೆನ್ನೂರಿನಲ್ಲಿ ಮರುಪರೀಕ್ಷೆ ಇದೆ, ಹುಡುಗಿ ಗಣಿತ ಒಂದನ್ನು ಬರೆಯಲಿ, ಪಾಸಾದರೆ ಒಂಬತ್ತನೇ ತರಗತಿ. ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ಸರಿ ಉತ್ತರ ಬರೆದದ್ದಕ್ಕೆ ಎರಡನೆಯ ಪರೀಕ್ಷೆ ಬರೆಯಬೇಕು! ಇದನ್ನು ಆ ಹುಡುಗಿಗೆ ಯಾವ ಮುಖ ಹೊತ್ತು ಹೇಳಲಿ?

ದಸ್ತಗೀರಸಾಬರ ಅಂಗಡಿಗೇ ಹೋಗಿ ಹೇಳಿದೆ. ಅವರು ಟ್ಯೂಬು ನೀರಿನಲ್ಲಿ ಅದ್ದುತ್ತಾ ಕೇಳಿಸಿಕೊಂಡರು. ಮಗಳು ಬರೆದದ್ದು ಸರಿ ಎಂದು ನಾನು ಹೇಳಿದಾಗ ಕೈ ನಿಲ್ಲಿಸಿದರು.

“ಸರಿ ಬರದಾಳ ಅಂತೀರಿ, ಫೇಲ್ ಆಗ್ಯಾಳ ಅಂತೀರಿ. ನಾ ಯಾವುದನ್ನ ನಂಬ್ಲಿರಿ ಸರ್?”

ನಾನು ಮರುಪರೀಕ್ಷೆಯ ದಿನ ಹೇಳಿದೆ. ಮರುಪರೀಕ್ಷೆಯವರೆಗೆ ಪ್ಲಾಟಿನ ಮಾತು ಎತ್ತುವುದಿಲ್ಲ, ಅದರಲ್ಲೂ ಫೇಲಾದರೆ ತಾವು ಯಾರ ಮಾತನ್ನೂ ಕೇಳುವುದಿಲ್ಲ, ನಾನೂ ಶಾಲೆಗೆ ಕಳಿಸಿ ಎಂದು ಕೇಳಬಾರದು ಎಂದರು. ಶಾಹೀನಾ ಅಂಗಡಿಯ ಒಳಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ನನ್ನನ್ನು ನೋಡಲೂ ಇಲ್ಲ.

ಮೇ ತಿಂಗಳಿಡೀ ಶಾಲೆಯ ಬೇವಿನ ಮರದ ಕೆಳಗೆ ಅವಳಿಗೆ ಪಾಠ ಹೇಳಿದೆ. ಹೊಸ ಪತ್ರಿಕೆ ಬರುತ್ತದೆಂದು ನಂಬಿ ಬೀಜಗಣಿತ, ಅಂಕಗಣಿತ ಎಲ್ಲವನ್ನೂ ಮಾಡಿಸಿದೆ. ರೇಖಾಗಣಿತದ ಮೊದಲ ಪಾಠವನ್ನು ಮಾತ್ರ ಮುಟ್ಟಲಿಲ್ಲ. ಅದು ಅವಳಿಗೆ ಬರುತ್ತಿತ್ತು, ಬರುತ್ತಿದ್ದದ್ದೇ ತಪ್ಪಾಗಿತ್ತು. ಮೊದಲಿನ ಹಾಗೆ ಅವಳು ಎದ್ದು ನಿಂತು ಅದೂ ಇದೂ ಕೇಳುತ್ತಿರಲಿಲ್ಲ. ಹೇಳಿದ ಲೆಕ್ಕ ಮಾಡಿ, ಪಾಟಿ ತೋರಿಸಿ, ಮುಂದಿನದಕ್ಕೆ ಕಾಯುತ್ತಿದ್ದಳು. ಪರೀಕ್ಷೆಯ ಹೆದರಿಕೆ ಎಂದುಕೊಂಡೆ.

ಮರುಪರೀಕ್ಷೆಯ ದಿನ ದಸ್ತಗೀರಸಾಬರೇ ಮಗಳನ್ನು ರಾಣೆಬೆನ್ನೂರಿಗೆ ಕರೆತಂದರು. ಸ್ವಂತ ಶಾಲೆಯ ಮಕ್ಕಳಿರುವ ಮಾಸ್ತರರನ್ನು ಒಳಗೆ ಬಿಡುತ್ತಿರಲಿಲ್ಲ, ನಾವಿಬ್ಬರೂ ಗೇಟಿನ ಹೊರಗೆ ನಿಂತಿದ್ದೆವು. ಮುಗಿಸಿ ಬಂದವಳ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡೆ. ಮೊದಲ ಪುಟ ಓದಿದೆ. ಮಾರ್ಚ್ ಪರೀಕ್ಷೆಯದೇ ಪತ್ರಿಕೆ! ನಾಲ್ಕು ಮಕ್ಕಳಿಗಾಗಿ ಹೊಸ ಸ್ಟೆನ್ಸಿಲ್ ಯಾಕೆ ದಂಡ ಎಂದು ಮಿಕ್ಕಿದ್ದ ಪ್ರತಿಗಳನ್ನೇ ಹಂಚಿದ್ದರು. ಅದೇ ಮೂರು ಗೆರೆಗಳು ಹಾಗೆಯೇ ಕುಳಿತಿದ್ದವು. ಒಂದು ಪೆನ್ನು ತೆಗೆದುಕೊಂಡು ಪ್ರತಿ ಹಾಳೆಗೆ ಮೂರು ಬಾಣ ಹಾಕುವಷ್ಟು ಪುರುಸೊತ್ತು ಅಷ್ಟು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಹಾವೇರಿಯ ಆ ಕೋಣೆಯಲ್ಲಿ ನಾನು ಆಡಿದ ಮಾತೆಲ್ಲ ಕಿಟಕಿಯಿಂದ ಹೊರಗೆ ಹೋಗಿತ್ತು.

ಇದಕ್ಕೆ ಏನು ಬರೆದೆ ಎಂದು ಕೇಳಿದೆ. ಬರೆದಿದ್ದೇನೆ ಎಂದಷ್ಟೇ ಹೇಳಿ ತಂದೆಯ ಹಿಂದೆ ಬಸ್ಸಿನ ಕಡೆ ನಡೆದಳು.

ಫಲಿತಾಂಶದವರೆಗಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ, ಊಟ ಸೇರಲಿಲ್ಲ. ಕಂಡದ್ದನ್ನು ಬರೆ ಎಂದು ಆ ಮಗುವಿಗೆ ವರ್ಷವಿಡೀ ಹೇಳಿದವನು ನಾನು. ಮತ್ತೆ ಅದನ್ನೇ ಮಾಡಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು. ಹಾಗೆ ಮಾಡಿರದಿದ್ದರೆ ಸಾಕಪ್ಪ ಎಂದು ಒಂದು ಗಳಿಗೆ, ಹಾಗೆಯೇ ಮಾಡಿರಲಿ ಎಂದು ಇನ್ನೊಂದು ಗಳಿಗೆ ಅನಿಸುತ್ತಿತ್ತು. ಯಾವುದನ್ನು ಬಯಸಬೇಕೋ ತಿಳಿಯದೆ ಒದ್ದಾಡಿದೆ.

ಜೂನ್ ಎರಡನೆಯ ವಾರ ಪತ್ರಿಕೆಗಳ ಕಟ್ಟು ಬಂತು. ಶಾಹೀನಾ ಪಾಸಾಗಿದ್ದಳು. ಮೂವತ್ತೈದರ ಗಡಿ ದಾಟಿ ಒಳ್ಳೆಯ ಅಂಕವೇ ಬಂದಿತ್ತು. ನಾನು ಮೊದಲು ತೆಗೆದದ್ದು ಆ ಪ್ರಶ್ನೆಯ ಪುಟ. ದುಂಡನೆಯ ಅಕ್ಷರದಲ್ಲಿ, ಒಂದೂ ತಿದ್ದುಪಡಿಯಿಲ್ಲದೆ, ಸರಳರೇಖೆ, ಕಿರಣ, ರೇಖಾಖಂಡ ಎಂದು ಬರೆದಿದ್ದಳು. ಉದ್ದ ಅಳೆಯಬಹುದಾದದ್ದು ಮೂರನೆಯದು ಮಾತ್ರ. ಕಾರಣವೂ ಪುಸ್ತಕದ ಮಾತಿನಲ್ಲೇ ಇತ್ತು. ಐದಕ್ಕೆ ಐದು, ಪಕ್ಕದಲ್ಲಿ ಉತ್ತಮ ಎಂದು ಕೆಂಪು ಮಸಿಯ ಷರಾ.

ಹೆಡ್‌ಮಾಸ್ಟರರು ನನ್ನ ಬೆನ್ನು ತಟ್ಟಿದರು. ದಸ್ತಗೀರಸಾಬರು ಒಂದು ಕಾಗದದ ಪೊಟ್ಟಣದಲ್ಲಿ ಪೇಡೆ ತಂದು, ಕಲಿಸಿದ್ದು ಕೊನೆಗೂ ತಲೆಗೆ ಹತ್ತಿತು ನೋಡಿ ಎಂದು ನಗುತ್ತಾ ಕೈಗೆ ಕೊಟ್ಟರು. ಬೇಡ ಎನ್ನಲಾಗದೆ ತಿಂದೆ.

ಶಾಲೆ ಶುರುವಾದ ಮೇಲೆ ಒಂಬತ್ತನೇ ತರಗತಿಯ ಮುಂದಿನ ಪಡಸಾಲೆಯಲ್ಲಿ ಅವಳನ್ನು ನಿಲ್ಲಿಸಿ ಕೇಳಿದೆ. ಬಯ್ಯಲು ಅಲ್ಲ, ನನಗೆ ತಿಳಿಯಲೇಬೇಕಿತ್ತು. ಗೆರೆಗಳಿಗೆ ಬಾಣವಿಲ್ಲದ್ದು ನಿನಗೆ ಕಾಣಲಿಲ್ಲವೇ ಎಂದೆ. ಅವಳು ತಲೆ ತಗ್ಗಿಸಲಿಲ್ಲ.

“ಕಾಣಸ್ತಿತ್ರಿ ಸರ್. ಆದ್ರ ನನಗ ಸಾಲಿ ಬಿಡೂದು ಬ್ಯಾಡಾಗಿತ್ರಿ.”

ಹೋಗಮ್ಮ ಒಳಗೆ, ಪಾಠ ಶುರುವಾಗುತ್ತದೆ ಎಂದೆ.

ಆ ಹುಡುಗಿ ಎಸ್ಸೆಸ್ಸೆಲ್ಸಿ ದಾಟಿದಳು, ರಾಣೆಬೆನ್ನೂರಿನ ಕಾಲೇಜಿಗೂ ಸೇರಿದಳು. ನಾನು ನಿವೃತ್ತನಾಗುವವರೆಗೆ ಎಲ್ಲಿ ಪತ್ರಿಕೆ ತಿದ್ದಲು ಕುಳಿತರೂ ಮೊದಲು ಪ್ರಶ್ನೆಯ ಚಿತ್ರ ನೋಡುತ್ತಿದ್ದೆ, ಆಮೇಲೆ ಮಗುವಿನ ಉತ್ತರ, ಕೀ ಆನ್ಸರ್ ಎಲ್ಲಕ್ಕಿಂತ ಕಡೆಗೆ. ಜೊತೆಯವರು ನನ್ನನ್ನು ಆಮೆ ಎಂದು ಗೇಲಿ ಮಾಡುತ್ತಿದ್ದರು. ಮಾಡಲಿ. ಮಗುವಿನ ತಪ್ಪು ಉತ್ತರವನ್ನು ತಿದ್ದಬಹುದು, ಅದಕ್ಕೆಂದೇ ನಮಗೆ ಸಂಬಳ. ಸರಿ ಉತ್ತರಕ್ಕೆ ಒಂದು ಸಲ ಶಿಕ್ಷೆ ಕೊಟ್ಟುಬಿಟ್ಟರೆ ಅದನ್ನು ತಿದ್ದುವ ದಾರಿ ಯಾವ ಮಾಸ್ತರನಿಗೂ ಗೊತ್ತಿಲ್ಲ. ಮುಂದಿನ ಎರಡು ವರ್ಷ ಶಾಹೀನಾ ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲೇ ಕೂರುತ್ತಿದ್ದಳು. ನಾನು ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟಳು. ಅವಳಾಗಿ ಎದ್ದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.